ಕಾಳಜಿ ಕೇಂದ್ರದ ಡ್ಯೂಟಿಗೆ ಹೆಸರು ಕೊಡಲಾ, ಬೇಡವಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರವಾಹ, ಚಂಡಮಾರುತ, ಭೂಕಂಪ, ಕಾಡ್ಗಿಚ್ಚು, ಏನೇ ಬಂದರೂ ಮನೆ ಬಿಟ್ಟು ಬಂದವರಿಗೆ ತಲೆ ಮೇಲೆ ಒಂದು ಸೂರು ಬೇಕು. ಅದಕ್ಕೇ ಕಾಳಜಿ ಕೇಂದ್ರ ತೆರೆಯುತ್ತಾರೆ. ಅಲ್ಲಿ ಕೆಲಸ ಮಾಡಲು ಸ್ವಂತ ಇಷ್ಟದಿಂದ ಮುಂದೆ ಬನ್ನಿ ಅಂತ ಸರ್ಕಾರಿ ನೌಕರರನ್ನು ಕೇಳುವುದು ಎಷ್ಟೋ ಕಡೆ ಇದೆ. ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದರ ಬಗ್ಗೆಯೇ ಇದ್ದವು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟು ಪೂರ್ತಿ ಅಂಕಣವನ್ನು ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತ, ಮೇಡಂ. ಕಾಳಜಿ ಕೇಂದ್ರಗಳಲ್ಲಿ ಕೆಲಸ ಮಾಡಲು ಇಷ್ಟ ಇರುವವರು ಹೆಸರು ಕೊಡಬಹುದು ಅಂತ ಸುತ್ತೋಲೆ ಬಂದಿದೆ. ಮನಸ್ಸೇನೋ ಇದೆ. ಆದರೆ ನನಗೆ ಈಜು ಬರಲ್ಲ, ಪ್ರಥಮ ಚಿಕಿತ್ಸೆ ಗೊತ್ತಿಲ್ಲ, ರಕ್ತ ನೋಡಿದರೆ ತಲೆ ಸುತ್ತುತ್ತದೆ. ಸೇರಿದಾಗಿನಿಂದ ಬಿಲ್ಲು, ವೋಚರ್, ರಿಜಿಸ್ಟರ್ ಬಿಟ್ಟು ಬೇರೇನೂ ನೋಡಿಲ್ಲ. ನನ್ನಂಥವನು ಅಲ್ಲಿ ಹೋಗಿ ಏನು ಮಾಡಲಿ?

ಉತ್ತರ: ಹೆಸರು ಕೊಡಿ. ಅಲ್ಲಿಗೆ ಬೇಕಾಗಿರುವುದೇ ನಿಮ್ಮಂಥವರು.

ನೀರಿಗಿಳಿದು ಜನರನ್ನು ಎತ್ತಿ ತರುವುದು ರಕ್ಷಣಾ ತಂಡದ ಕೆಲಸ. ಗಾಯಕ್ಕೆ ಹೊಲಿಗೆ ಹಾಕುವುದು ಡಾಕ್ಟರ ಕೆಲಸ. ಕಾಳಜಿ ಕೇಂದ್ರದ ಕೆಲಸ ಶುರುವಾಗುವುದು ಅದಾದ ಮೇಲೆ. ಒದ್ದೆ ಬಟ್ಟೆಯಲ್ಲಿ, ಕೈಯಲ್ಲೊಂದು ಚೀಲ ಹಿಡಿದು, ಮನೆ ಉಳಿದಿದೆಯೋ ಹೋಯಿತೋ ಗೊತ್ತಿಲ್ಲದೆ ಬಾಗಿಲಲ್ಲಿ ನಿಂತವರಿಗೆ ಮೊದಲು ಸಿಗುವ ಮುಖ ನಿಮ್ಮದು. ಅವರನ್ನು ಕೂರಿಸಿ, ನೀರು ಕೊಟ್ಟು, ಆಮೇಲೆ ಬರೆದುಕೊಳ್ಳಬೇಕು. ಯಾರು, ಎಲ್ಲಿಂದ ಬಂದರು, ಜೊತೆಗೆ ಯಾರಿದ್ದಾರೆ, ಯಾರು ಬಂದಿಲ್ಲ, ದಿನಾ ತಗೊಳ್ಳುವ ಮಾತ್ರೆ ಯಾವುದು, ಗರ್ಭಿಣಿ ಇದ್ದಾರಾ, ನಡೆಯಲಾಗದವರು ಇದ್ದಾರಾ. ಇದು ಸಣ್ಣ ಕೆಲಸ ಅಂತ ಅನ್ನಿಸಬಹುದು. ಅಲ್ಲ. ಎಷ್ಟು ಜನಕ್ಕೆ ಊಟ ಬೇಕು ಅನ್ನುವುದು ಆ ರಿಜಿಸ್ಟರಿನಿಂದ ಗೊತ್ತಾಗುತ್ತದೆ, ಯಾರಿಗೆ ಇನ್ಸುಲಿನ್ ಬೇಕು ಅನ್ನುವುದೂ ಅದರಿಂದಲೇ. ನಡುರಾತ್ರಿ ಒಬ್ಬ ಹುಡುಗ ಅಮ್ಮನನ್ನು ಹುಡುಕಿಕೊಂಡು ಬಂದರೆ ಅವನಿಗೆ ಉತ್ತರ ಸಿಗಬೇಕಾದದ್ದೂ ಅದೇ ಪುಟಗಳಲ್ಲಿ.

2005ರಲ್ಲಿ ಅಮೆರಿಕದಲ್ಲಿ ಕತ್ರಿನಾ ಚಂಡಮಾರುತ ಬಂತು, ಅದರ ಬೆನ್ನಿಗೇ ರೀಟಾ ಬಂತು. ಜನರನ್ನು ಅವಸರದಲ್ಲಿ ಬಸ್ಸಿಗೆ, ವಿಮಾನಕ್ಕೆ ಹತ್ತಿಸಿ ಬೇರೆ ಬೇರೆ ರಾಜ್ಯಗಳಿಗೆ ಕಳಿಸಿದರು. ಯಾರು ಎಲ್ಲಿಗೆ ಹೋದರು ಅನ್ನುವ ಲೆಕ್ಕ ತಪ್ಪಿಹೋಯಿತು. ಆಮೇಲೆ 5,000ಕ್ಕೂ ಹೆಚ್ಚು ಮಕ್ಕಳ ಬಗ್ಗೆ ಕಾಣೆಯಾಗಿದ್ದಾರೆ ಅಥವಾ ಮನೆಯವರಿಂದ ಬೇರೆಯಾಗಿದ್ದಾರೆ ಅಂತ ದೂರು ಬಂತು. ಎಲ್ಲರನ್ನೂ ಹುಡುಕಿ ಮುಗಿಸಲು ಸುಮಾರು ಆರು ತಿಂಗಳು ಹಿಡಿಯಿತು. ಅಷ್ಟು ದೊಡ್ಡ, ಅಷ್ಟು ದುಡ್ಡಿರುವ ದೇಶದಲ್ಲಿ. ಹೆಸರು ಸರಿಯಾಗಿ ಬರೆದುಕೊಳ್ಳುವ ಒಬ್ಬ ಮನುಷ್ಯ ಬಾಗಿಲಲ್ಲಿ ಇರುವುದಕ್ಕೂ ಇಲ್ಲದೇ ಇರುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ.

ಇನ್ನು ಲೆಕ್ಕ. ಅದು ನಿಮ್ಮದೇ ವಿಷಯ. ಪರಿಹಾರ ಕೆಲಸ ಮಾಡುವ ಸಂಸ್ಥೆಗಳು ಸೇರಿ ಸ್ಫಿಯರ್ ಅನ್ನುವ ಕೈಪಿಡಿ ಮಾಡಿಕೊಂಡಿವೆ, ಲೋಕದ ಎಲ್ಲ ಕಡೆ ಅದನ್ನು ಬಳಸುತ್ತಾರೆ. ಅದರ ಪ್ರಕಾರ ಒಬ್ಬ ಮನುಷ್ಯನಿಗೆ ಕನಿಷ್ಠ 3.5 ಚದರ ಮೀಟರ್ ಜಾಗ ಬೇಕು. ಕುಡಿಯಲು, ತೊಳೆಯಲು, ಅಡುಗೆಗೆ ಎಲ್ಲಾ ಸೇರಿ ದಿನಕ್ಕೆ 15 ಲೀಟರ್ ನೀರು ಬೇಕು. 20 ಜನಕ್ಕೆ ಒಂದು ಶೌಚಾಲಯ, ತೀರಾ ಮೊದಲ ದಿನಗಳಲ್ಲಿ 50 ಜನಕ್ಕೆ ಒಂದಾದರೂ. ಈಗ 350 ಚದರ ಮೀಟರಿನ ಹಾಲ್ ಒಂದಿದೆ ಅಂತ ಇಟ್ಟುಕೊಳ್ಳಿ. ಅಲ್ಲಿ 100 ಜನ ಮಲಗಬಹುದು. ಅಷ್ಟು ಜನಕ್ಕೆ ದಿನಕ್ಕೆ 1,500 ಲೀಟರ್ ನೀರು, 5 ಶೌಚಾಲಯ. ಬಾಗಿಲಿಗೆ 300 ಜನ ಬಂದರೆ ಅವರನ್ನು ವಾಪಸ್ ಕಳಿಸಬಾರದು, ಅದು ಸರಿ. ಆದರೆ ಇನ್ನೆರಡು ಹಾಲ್ ಬೇಕು, ಹತ್ತು ಶೌಚಾಲಯ ಜಾಸ್ತಿ ಬೇಕು ಅಂತ ಆ ಕ್ಷಣವೇ ಫೋನ್ ಮಾಡಿ ಹೇಳುವವರು ಯಾರಾದರೂ ಇರಬೇಕು. ಹೇಗೋ ಹೊಂದಿಸಿಕೊಳ್ಳೋಣ ಅಂತ ಸುಮ್ನೆ ಕೂತರೆ ಮೂರನೇ ದಿನಕ್ಕೆ ವಾಂತಿ ಭೇದಿ ಶುರುವಾಗುತ್ತದೆ. ಈ ಕೂಡು ಕಳೆ ಮಾಡಿ, ಸಂಖ್ಯೆ ಇಟ್ಟುಕೊಂಡು, ಗಟ್ಟಿಯಾಗಿ ಕೇಳುವ ಅಭ್ಯಾಸ ನಿಮಗೆ ಈಗಾಗಲೇ ಇದೆ.

ರಕ್ತ ನೋಡಿದರೆ ತಲೆ ಸುತ್ತುತ್ತದೆ ಅನ್ನುವುದನ್ನು ಅರ್ಜಿಯಲ್ಲೇ ಬರೆಯಿರಿ. ಅದರಲ್ಲಿ ನಾಚಿಕೆ ಏನಿಲ್ಲ. ನಿಮ್ಮನ್ನು ಔಷಧಿ ಮೇಜಿನ ಹತ್ತಿರ ಹಾಕಬಾರದು ಅಂತ ಅವರಿಗೂ ಗೊತ್ತಾಗುತ್ತದೆ.

ಪ್ರಶ್ನೆ: ಯಾವ ದಾಖಲೆಯೂ ಇಲ್ಲದೆ ಬಂದವರನ್ನು ಒಳಗೆ ಬಿಡಬಹುದಾ? ನಾಳೆ ಆಡಿಟ್‌ನವರು ಕೇಳಿದರೆ?

ಉತ್ತರ: ಬಿಡಬಹುದು ಅಲ್ಲ, ಬಿಡಲೇಬೇಕು. ಮನೆಯೊಳಗೆ ನೀರು ನುಗ್ಗಿದಾಗ ಮಗುವನ್ನು ಎತ್ತಿಕೊಳ್ಳುತ್ತಾರಾ, ಗುರುತಿನ ಚೀಟಿ ಹುಡುಕುತ್ತಾರಾ? ನಮ್ಮ ಕಚೇರಿ ಬದುಕಿನಿಂದ ನಾವು ಅಲ್ಲಿಗೆ ತಗೊಂಡು ಹೋಗಬಾರದ ಒಂದೇ ಒಂದು ಅಭ್ಯಾಸ ಇದು: ಕಾಗದ ತೋರಿಸಿ, ಆಮೇಲೆ ಮಾತಾಡಿ ಅನ್ನುವುದು. ಕಾಳಜಿ ಕೇಂದ್ರದಲ್ಲಿ ಹೆಸರು ಬರೆದುಕೊಳ್ಳುವುದು ಅವರನ್ನು ಪರೀಕ್ಷೆ ಮಾಡಲು ಅಲ್ಲ, ಅವರಿಗೆ ಬೇಕಾದದ್ದು ತಲುಪಿಸಲು. ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳಿ, ದಾಖಲೆ ಇಲ್ಲ ಅಂತ ಪಕ್ಕದಲ್ಲಿ ಗುರುತು ಹಾಕಿ, ಅಷ್ಟು ಸಾಕು. ಪರಿಹಾರದ ಹಣ ಯಾರಿಗೆ ಸೇರಬೇಕು ಅನ್ನುವ ಪರಿಶೀಲನೆ ಆಮೇಲೆ, ಬೇರೆಯವರು, ಬೇರೆ ಜಾಗದಲ್ಲಿ ಮಾಡುತ್ತಾರೆ. ಆಡಿಟ್‌ಗೆ ನಿಮ್ಮ ರಿಜಿಸ್ಟರೇ ದಾಖಲೆ.

ಇದರ ಜೊತೆಗೆ ಇನ್ನೊಂದು ಮಾತು. ಆ ರಿಜಿಸ್ಟರನ್ನು ಮೇಜಿನ ಮೇಲೆ ತೆರೆದಿಟ್ಟು ಹೋಗಬೇಡಿ, ಫೋಟೊ ತೆಗೆದು ಗುಂಪಿಗೆ ಹಾಕಬೇಡಿ. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬದುಕುತ್ತಿದ್ದ ಹೆಂಗಸೂ ಆ ಪಟ್ಟಿಯಲ್ಲಿ ಇರಬಹುದು. ಯಾರಾದರೂ ಬಂದು ಇಂಥವರು ಇದ್ದಾರಾ ಅಂತ ಕೇಳಿದರೆ, ಮೊದಲು ಒಳಗೆ ಹೋಗಿ ಅವರನ್ನೇ ಕೇಳಿ. ಅವರು ಭೇಟಿಯಾಗಲು ಒಪ್ಪಿದ ಮೇಲೆ ಕರೆದುಕೊಂಡು ಬನ್ನಿ.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಸ್ವಯಂಸೇವೆ ಅನ್ನುವುದು ಹೆಸರಿಗೆ ಮಾತ್ರ. ಮೇಲಧಿಕಾರಿಗಳು ಪಟ್ಟಿ ಮಾಡಿ ಎಲ್ಲರ ಹೆಸರನ್ನೂ ಅವರೇ ಬರೆದಿದ್ದಾರೆ. ಇಷ್ಟ ಇಲ್ಲ ಅಂದವರಿಗೆ ನಿಮಗೆ ಮನುಷ್ಯತ್ವ ಇಲ್ವಾ ಅಂತ ಎಲ್ಲರೆದುರು ಕೇಳಿದರು. ಸಂಬಳ, ರಜೆ ಯಾವುದರ ಬಗ್ಗೆಯೂ ಆದೇಶ ಇಲ್ಲ. ಇದು ಸರಿಯಾ?

ಉತ್ತರ: ಸರಿ ಅಲ್ಲ. ನನಗೆ ಈ ಪತ್ರ ಓದಿ ಬೇಜಾರಾಯಿತು, ಯಾಕೆಂದರೆ ಹೀಗೆ ಮಾಡಿದರೆ ನಿಜವಾಗಿ ಮನಸ್ಸಿದ್ದವರೂ ಹಿಂದೆ ಸರಿಯುತ್ತಾರೆ.

ಎರಡು ದಾರಿ ಇವೆ, ಎರಡೂ ನ್ಯಾಯವಾದವೇ. ಒಂದು, ಇದು ಕರ್ತವ್ಯ ಅಂತ ಕಾನೂನಿನಲ್ಲೇ ನೇರವಾಗಿ ಹೇಳುವುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಾಗಿದೆ. ಅಲ್ಲಿನ ಸಾರ್ವಜನಿಕ ನೌಕರರೆಲ್ಲರೂ ಕಾನೂನಿನ ಪ್ರಕಾರವೇ ವಿಪತ್ತು ಸೇವಾ ಕಾರ್ಯಕರ್ತರು. ಗ್ರಂಥಾಲಯದಲ್ಲಿ ಕೆಲಸ ಮಾಡುವವರನ್ನೂ ಕಾಳಜಿ ಕೇಂದ್ರಕ್ಕೆ ಹಾಕಬಹುದು. ಸೇರುವಾಗಲೇ ಪ್ರಮಾಣ ಮಾಡಿಸುತ್ತಾರೆ. ಹಾಗಾಗಿ ಗುಟ್ಟೇನಿಲ್ಲ, ಸೇರುವವರಿಗೆ ಮೊದಲೇ ಗೊತ್ತು. ಇನ್ನೊಂದು, ನಿಜವಾಗಿಯೂ ಇಷ್ಟ ಇದ್ದವರನ್ನು ಮಾತ್ರ ತಗೊಂಡು, ಅವರಿಗೆ ದಾರಿ ಸುಲಭ ಮಾಡಿಕೊಡುವುದು. ಅದೇ ದೇಶದ ಹಲವು ರಾಜ್ಯಗಳಲ್ಲಿ ರೆಡ್ ಕ್ರಾಸ್‌ನಲ್ಲಿ ತರಬೇತಿ ಮುಗಿಸಿದ ಸರ್ಕಾರಿ ನೌಕರರು ವಿಪತ್ತು ಸೇವೆಗೆ ಹೋದರೆ ಸಂಬಳ ಸಹಿತ ರಜೆ ಸಿಗುತ್ತದೆ, ಸಾಮಾನ್ಯವಾಗಿ ವರ್ಷಕ್ಕೆ 15 ಕೆಲಸದ ದಿನಗಳವರೆಗೆ. ಅವರ ಸ್ವಂತ ರಜೆ ಇದರಲ್ಲಿ ಕಡಿತ ಆಗುವುದಿಲ್ಲ. ಮೇಲಧಿಕಾರಿಯ ಒಪ್ಪಿಗೆ ಬೇಕು, ಅಷ್ಟೇ.

ಕಡ್ಡಾಯ ಮಾಡಿ ಅದಕ್ಕೆ ಇಷ್ಟದ ಹೆಸರು ಇಡುವುದು ಮಾತ್ರ ಯಾವ ಕಡೆಯಿಂದ ನೋಡಿದರೂ ತಪ್ಪು. ಕರ್ತವ್ಯ ಆದರೆ ಅದರ ಹೊಣೆ ಸರ್ಕಾರದ್ದು, ಗಾಯವಾದರೆ ಚಿಕಿತ್ಸೆ, ಹೆಚ್ಚುವರಿ ಗಂಟೆಗೆ ಲೆಕ್ಕ, ಎಲ್ಲವೂ ಸಿಗಬೇಕು. ಸ್ವಯಂಸೇವೆ ಆದರೆ ಬೇಡ ಅನ್ನುವ ಸ್ವಾತಂತ್ರ್ಯ ಇರಬೇಕು. ನಿಮ್ಮ ಮೇಲಧಿಕಾರಿ ಎರಡರಲ್ಲೂ ತಮಗೆ ಅನುಕೂಲ ಆದದ್ದನ್ನು ಮಾತ್ರ ತಗೊಂಡಿದ್ದಾರೆ.

ಏನು ಮಾಡಬಹುದು? ಜಗಳ ಬೇಡ. ನಾಲ್ಕೈದು ಜನ ಸೇರಿ ಒಂದು ಸಣ್ಣ ಪತ್ರ ಕೊಡಿ. ಅಲ್ಲಿ ಇರುವ ದಿನಗಳನ್ನು ಕರ್ತವ್ಯದ ಮೇಲೆ ಇದ್ದ ದಿನ ಅಂತ ಬರೆಯುತ್ತೀರಾ? ಭಾನುವಾರ ಕೆಲಸ ಮಾಡಿದರೆ ಬದಲಿ ರಜೆ ಇದೆಯಾ? ಹೋಗಿ ಬರುವ ವ್ಯವಸ್ಥೆ ಯಾರದು? ಅಲ್ಲಿ ಪೆಟ್ಟಾದರೆ ಖರ್ಚು ಯಾರದು? ಪಾಳಿ ಎಷ್ಟು ಗಂಟೆ? ನಮ್ಮ ಮೇಜಿನ ಮೇಲಿನ ಕೆಲಸ ಅಷ್ಟು ದಿನ ಯಾರು ನೋಡುತ್ತಾರೆ? ಇವಕ್ಕೆ ಬರಹದಲ್ಲಿ ಉತ್ತರ ಕೇಳಿ. ಕೊನೆಯದನ್ನು ಜನ ಮರೆತುಬಿಡುತ್ತಾರೆ. ವಾಪಸ್ ಬಂದಾಗ ಫೈಲು ಬೆಟ್ಟದಷ್ಟು ಬಿದ್ದಿದ್ದರೆ, ಮುಂದಿನ ಸಲ ಆ ಮನುಷ್ಯ ಹೆಸರು ಕೊಡುವುದಿಲ್ಲ. ಆದೇಶ ಬಂದರೆ ನಿಮಗೂ ಒಳ್ಳೆಯದು, ಮೇಲಧಿಕಾರಿಗೂ ಒಳ್ಳೆಯದು.

ಇನ್ನು ಮನುಷ್ಯತ್ವದ ಮಾತು. ಹೋಗಲಾರದವರಿಗೆ ಕಾರಣ ಇರುತ್ತದೆ. ಹಾಸಿಗೆ ಹಿಡಿದ ಅಪ್ಪ ಇರಬಹುದು, ಹಾಲು ಕುಡಿಯುವ ಮಗು ಇರಬಹುದು, ಯಾರಿಗೂ ಹೇಳದ ಕಾಯಿಲೆ ಇರಬಹುದು. ಎಲ್ಲರೆದುರು ಅದನ್ನು ಹೇಳಿಸುವುದು ಕ್ರೌರ್ಯ. ಹೋಗುವವರ ಕೆಲಸವನ್ನು ಕಚೇರಿಯಲ್ಲಿ ಕೂತು ನೋಡಿಕೊಳ್ಳುವವರೂ ಆ ಕೇಂದ್ರಕ್ಕೇ ಕೆಲಸ ಮಾಡಿದ ಹಾಗೆ.

ಪ್ರಶ್ನೆ: ನನ್ನ ಹೆಂಡತಿಗೆ ಇದು ಇಷ್ಟ ಇಲ್ಲ. ನಮ್ಮ ಮನೆಗೂ ನೀರು ಬಂದರೆ ನೀವು ಊರಿನವರನ್ನು ನೋಡುತ್ತೀರಾ, ನಮ್ಮನ್ನಾ ಅಂತ ಕೇಳುತ್ತಾಳೆ. ನನ್ನ ಹತ್ತಿರ ಉತ್ತರ ಇಲ್ಲ.

ಉತ್ತರ: ಅವರು ಕೇಳಿದ್ದು ಸರಿಯಾಗಿದೆ. ನಿಮ್ಮನ್ನು ತಡೆಯಲು ಕೇಳಿದ್ದು ಅಂತ ಅಂದುಕೊಳ್ಳಬೇಡಿ.

ಮೊದಲು ನಿಮ್ಮ ಮನೆ. ಇದರಲ್ಲಿ ಸ್ವಾರ್ಥ ಇಲ್ಲ. ಮನೆಯವರು ಎಲ್ಲಿದ್ದಾರೆ ಅಂತ ಗೊತ್ತಿಲ್ಲದ ಮನುಷ್ಯ ಕಾಳಜಿ ಕೇಂದ್ರದಲ್ಲಿ ಅರ್ಧ ಮನಸ್ಸಿನಲ್ಲಿ ಇರುತ್ತಾನೆ, ಐದು ನಿಮಿಷಕ್ಕೊಮ್ಮೆ ಫೋನ್ ನೋಡುತ್ತಾನೆ, ಸಣ್ಣ ವಿಷಯಕ್ಕೆ ಸಿಡುಕುತ್ತಾನೆ. ಹಾಗಾಗಿ ಹೆಸರು ಕೊಡುವ ಮುಂಚೆ ಇಬ್ಬರೂ ಕೂತು ಮಾತಾಡಿ. ಎಚ್ಚರಿಕೆ ಬಂದರೆ ಮನೆಯವರು ಯಾರ ಮನೆಗೆ ಹೋಗುತ್ತಾರೆ, ಯಾವ ದಾರಿಯಲ್ಲಿ, ದಾಖಲೆ ಮತ್ತು ಮಾತ್ರೆ ಇರುವ ಚೀಲ ಎಲ್ಲಿದೆ, ಫೋನ್ ಸತ್ತರೆ ಯಾವ ದೂರದ ನೆಂಟರ ಮೂಲಕ ಸುದ್ದಿ ಮುಟ್ಟಿಸುವುದು. ಇದು ತೀರ್ಮಾನ ಆದ ಮೇಲೆ ನಿಮ್ಮಾಕೆಯ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ: ನಿಮ್ಮನ್ನು ಸುರಕ್ಷಿತವಾಗಿ ಬಿಟ್ಟ ಮೇಲೆ ಹೋಗುತ್ತೇನೆ, ಅಲ್ಲಿಯವರೆಗೆ ಹೋಗುವುದಿಲ್ಲ.

ವ್ಯವಸ್ಥೆ ಮಾಡುವವರೂ ಇದನ್ನು ಯೋಚಿಸಬೇಕು. 2011ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಸುನಾಮಿ ಬಂದಾಗ ಒತ್ಸುಚಿ ಅನ್ನುವ ಸಣ್ಣ ಪಟ್ಟಣದಲ್ಲಿ ಮೇಯರ್ ಮತ್ತು ಪುರಸಭೆಯ ಹಲವು ನೌಕರರೇ ಕೊಚ್ಚಿಹೋದರು. ಉಳಿದವರಲ್ಲಿ ಎಷ್ಟೋ ಜನಕ್ಕೆ ಮನೆ ಇರಲಿಲ್ಲ. ಅಂಥವರ ಮೇಲೆ ಪೂರ್ತಿ ಭಾರ ಹಾಕಲು ಆಗುತ್ತದಾ? ದೇಶದ ಬೇರೆ ಬೇರೆ ನಗರಗಳು ತಮ್ಮ ನೌಕರರನ್ನು ಅಲ್ಲಿನ ಪಟ್ಟಣಗಳಿಗೆ ಸರದಿಯ ಮೇಲೆ ಕಳಿಸಿದವು. ಮುಂದೆ ಅದೇ ಅಲ್ಲಿ ಒಂದು ಪದ್ಧತಿಯಾಗಿ ಬೆಳೆಯಿತು. ನನ್ನ ಅಭಿಪ್ರಾಯ ಕೇಳಿದರೆ, ಮುಳುಗಿದ ಜಾಗದವರನ್ನು ಅಲ್ಲೇ ಡ್ಯೂಟಿಗೆ ಹಾಕುವುದಕ್ಕಿಂತ ನೀರು ಬರದ ಜಾಗದವರನ್ನು ಕಳಿಸುವುದು ಒಳ್ಳೆಯದು. ಸ್ಥಳೀಯರು ಒಬ್ಬಿಬ್ಬರು ಜೊತೆಗಿರಲಿ, ಜನರ ಮುಖ ಗೊತ್ತಿರುತ್ತದೆ. ಹೆಸರು ಕೊಡುವಾಗ ನೀವೇ ಬರೆಯಬಹುದು: ನನ್ನ ಪ್ರದೇಶಕ್ಕೆ ವಿಪತ್ತು ಬಂದರೆ ನಾನು ಸಿಗುವುದಿಲ್ಲ, ಬೇರೆ ಕಡೆ ಬಂದರೆ ಸಿಗುತ್ತೇನೆ ಅಂತ.

ಪ್ರಶ್ನೆ: ನಾನು ಮಹಿಳಾ ನೌಕರಳು. ರಾತ್ರಿ ಪಾಳಿ ಹಾಕಿದ್ದಾರೆ. ಹೋಗಲಾ? ಅಲ್ಲಿ ಹೆಂಗಸರಿಗೆ, ಮಕ್ಕಳಿಗೆ ಅಂತ ವಿಶೇಷವಾಗಿ ಏನು ನೋಡಬೇಕು?

ಉತ್ತರ: ಒಬ್ಬರೇ ಅಂತಾದರೆ ಹೋಗಬೇಡಿ. ಕನಿಷ್ಠ ಇಬ್ಬರು ಮಹಿಳೆಯರು ಒಟ್ಟಿಗೆ ಇರಬೇಕು ಅಂತ ಹೇಳಿ, ಅದನ್ನು ಬಿಟ್ಟುಕೊಡಬೇಡಿ. ಆದರೆ ಆ ವ್ಯವಸ್ಥೆ ಮಾಡಿದರೆ ದಯವಿಟ್ಟು ಹೋಗಿ. ರಾತ್ರಿ ಪಾಳಿಯಲ್ಲಿ ಮಹಿಳೆ ಇಲ್ಲದ ಕೇಂದ್ರದಲ್ಲಿ ಹೆಂಗಸರು ತಮ್ಮ ಕಷ್ಟ ಯಾರಿಗೂ ಹೇಳುವುದಿಲ್ಲ.

1991ರಲ್ಲಿ ಬಾಂಗ್ಲಾದೇಶಕ್ಕೆ ಭಾರಿ ಚಂಡಮಾರುತ ಬಂದು ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಗಂಡಸರಿಗಿಂತ ಹೆಂಗಸರು ತುಂಬಾ ಜಾಸ್ತಿ. ಅದಕ್ಕೆ ಹಲವು ಕಾರಣ ಇದ್ದವು. ಮಕ್ಕಳನ್ನು ಬಿಟ್ಟು ಓಡಲಾಗದೆ ಉಳಿದವರು ಇದ್ದರು, ಮನೆಯ ಗಂಡಸು ಬಂದು ಹೇಳಲಿ ಅಂತ ಕಾದವರು ಇದ್ದರು. ಗಂಡಸರ ಜೊತೆ ಒಂದೇ ಕೋಣೆಯಲ್ಲಿ ಕಿಕ್ಕಿರಿದು ಇರಬೇಕು, ಶೌಚಕ್ಕೆ ಮರೆ ಇಲ್ಲ ಅನ್ನುವ ಹಿಂಜರಿಕೆಯೂ ಅದರಲ್ಲಿ ಒಂದು. ಮರೆ ಇಲ್ಲದ ಶೌಚಾಲಯ ಜೀವ ತೆಗೆಯುತ್ತದೆ ಅಂದರೆ ನಂಬುವುದು ಕಷ್ಟ, ಆದರೆ ನಿಜ. ಅಲ್ಲಿ 1972ರಿಂದಲೇ ಸ್ವಯಂಸೇವಕರ ದೊಡ್ಡ ಪಡೆ ಇದೆ. ಈಗ ಅದರಲ್ಲಿ 70 ಸಾವಿರಕ್ಕೂ ಹೆಚ್ಚು ಜನ ಇದ್ದಾರೆ, ಹೆಚ್ಚು ಕಡಿಮೆ ಅರ್ಧ ಹೆಂಗಸರೇ. ಒಬ್ಬ ಹೆಂಗಸು ಮನೆ ಬಾಗಿಲಿಗೆ ಬಂದು ಬನ್ನಿ ಅಕ್ಕ, ನಾನೂ ಅಲ್ಲೇ ಇರ್ತೀನಿ ಅಂದರೆ ಹೆಂಗಸರು ಹೊರಡುತ್ತಾರೆ.

ನೀವು ಹೋದ ತಕ್ಷಣ ಶೌಚಾಲಯದವರೆಗೆ ಒಮ್ಮೆ ನಡೆದು ನೋಡಿ, ಅದೂ ಕತ್ತಲಾದ ಮೇಲೆ. ದಾರಿಯಲ್ಲಿ ದೀಪ ಇದೆಯಾ, ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ, ಗಂಡಸರ ಕಡೆಯಿಂದ ದೂರ ಇದೆಯಾ. ಸ್ಫಿಯರ್ ಕೈಪಿಡಿ ಗಂಡಸರಿಗೆ ಒಂದು ಇದ್ದರೆ ಹೆಂಗಸರಿಗೆ ಮೂರು ಶೌಚಾಲಯ ಇರಲಿ ಅನ್ನುತ್ತದೆ. ನಾಲ್ಕಿದ್ದರೆ ಎರಡೆರಡು ಹಂಚುವುದು ನ್ಯಾಯ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಪ್ಯಾಡ್‌ಗಳನ್ನು ಕೇಳಿದ ಮೇಲೆ ಕೊಡುವುದಲ್ಲ, ಹೆಂಗಸರ ಶೌಚಾಲಯದ ಹತ್ತಿರ ಇಟ್ಟುಬಿಡಿ, ಅದನ್ನು ಹಾಕಲು ಮುಚ್ಚಳ ಇರುವ ಬುಟ್ಟಿಯನ್ನೂ ಇಡಿ. ಹಾಲೂಡಿಸುವವರಿಗೆ ಒಂದು ಮೂಲೆಗೆ ಬೆಡ್‌ಶೀಟ್ ಕಟ್ಟಿಕೊಡಿ. ಒಂಟಿ ಹೆಂಗಸರು, ಮಕ್ಕಳ ಜೊತೆ ಬಂದ ತಾಯಂದಿರು ಬಾಗಿಲ ಹತ್ತಿರ ಮಲಗದ ಹಾಗೆ ಜಾಗ ಹಂಚಿ.

ಮಕ್ಕಳ ವಿಷಯದಲ್ಲಿ ಒಂದೇ ನಿಯಮ, ಯಾರಿಗಾಗಿಯೂ ಮುರಿಯಬಾರದ್ದು. ಒಂಟಿಯಾಗಿ ಬಂದ ಮಗುವನ್ನು, ನಾನು ಇವನ ಚಿಕ್ಕಪ್ಪ, ನಾನು ಇವಳ ಅತ್ತೆ ಅಂತ ಬಂದವರ ಕೈಗೆ ಸುಮ್ನೆ ಕೊಡಬೇಡಿ. ಅಳುತ್ತಾ ಬಂದರೂ, ದೊಡ್ಡವರ ಹೆಸರು ಹೇಳಿದರೂ ಕೊಡಬೇಡಿ. ಮಕ್ಕಳ ರಕ್ಷಣೆಯ ಅಧಿಕಾರಿಗೆ ತಿಳಿಸಿ, ಪರಿಶೀಲನೆ ಆಗಿ, ಬರಹದಲ್ಲಿ ಸಹಿ ಬೀಳುವವರೆಗೆ ಮಗು ಇಬ್ಬರು ಸಿಬ್ಬಂದಿಯ ಕಣ್ಣೆದುರೇ ಇರಲಿ. ನಿಜವಾದ ಚಿಕ್ಕಪ್ಪನಿಗೆ ಸ್ವಲ್ಪ ಕೋಪ ಬರಬಹುದು. ಬರಲಿ.

ಪ್ರಶ್ನೆ: ನಾನು ಶಾಲಾ ಶಿಕ್ಷಕ. ನಮ್ಮ ಶಾಲೆಯನ್ನೇ ಕೇಂದ್ರ ಮಾಡಿದ್ದರು. ವಯಸ್ಸಾದವರು ನೆಲದ ಮೇಲೆ ದಿನವಿಡೀ ಒಂದೇ ಕಡೆ ಕೂತಿರುತ್ತಿದ್ದರು, ನೀರು ಕೊಟ್ಟರೂ ಬೇಡ ಅನ್ನುತ್ತಿದ್ದರು. ಒತ್ತಾಯ ಮಾಡಬೇಕಿತ್ತಾ?

ಉತ್ತರ: ಅವರು ನೀರು ಬೇಡ ಅನ್ನುವುದು ಬಾಯಾರಿಕೆ ಇಲ್ಲದೆ ಅಲ್ಲ, ಮೇಷ್ಟ್ರೇ. ಶೌಚಾಲಯ ದೂರ ಇದೆ, ಎದ್ದೇಳಲು ಮಂಡಿ ನೋವು, ರಾತ್ರಿ ಮಲಗಿದವರನ್ನು ದಾಟಿಕೊಂಡು ಹೋಗಬೇಕು, ಇನ್ನೊಬ್ಬರಿಗೆ ತೊಂದರೆ ಯಾಕೆ ಅಂತ. ಅದಕ್ಕೆ ಕುಡಿಯುವುದನ್ನೇ ಬಿಡುತ್ತಾರೆ. ನೀರು ಕಡಿಮೆಯಾಗಿ, ಕಾಲು ಆಡಿಸದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. 2004ರಲ್ಲಿ ಜಪಾನಿನ ನೀಗಾತಾ ಭೂಕಂಪದ ನಂತರ ಕಾರಿನಲ್ಲಿ ಮಲಗುತ್ತಿದ್ದವರಲ್ಲಿ ಹೀಗೆ ಸಾವುಗಳಾದವು. 2016ರಲ್ಲಿ ಅದೇ ದೇಶದ ಕುಮಾಮೊತೊದಲ್ಲಿ ಭೂಕಂಪ ಆಯಿತು. ಕಟ್ಟಡ ಬಿದ್ದು, ಭೂಮಿ ಕುಸಿದು ನೇರವಾಗಿ ಸತ್ತವರು 50 ಜನ. ಆಮೇಲೆ ದಣಿವು, ಕಾಯಿಲೆ, ಚಿಕಿತ್ಸೆ ತಪ್ಪಿದ್ದು, ಕೇಂದ್ರದಲ್ಲಿ ಮತ್ತು ಕಾರುಗಳಲ್ಲಿ ಕಳೆದ ದಿನಗಳ ಕಷ್ಟ, ಇವುಗಳಿಂದ ಸತ್ತರು ಅಂತ ಸರ್ಕಾರವೇ ಗುರುತಿಸಿದವರು 200ಕ್ಕೂ ಹೆಚ್ಚು. ಅವರಲ್ಲಿ ಬಹಳಷ್ಟು ಜನ ವಯಸ್ಸಾದವರು. ಭೂಕಂಪದಿಂದ ಪಾರಾದ ಮೇಲೆ ಸತ್ತವರು ಅದರ ನಾಲ್ಕರಷ್ಟು ಅನ್ನುವುದನ್ನು ಸ್ವಲ್ಪ ಯೋಚನೆ ಮಾಡಿ. ಕಾಳಜಿ ಕೇಂದ್ರದ ಕೆಲಸವನ್ನು ನಾನು ಇಷ್ಟು ದೊಡ್ಡದು ಅಂತ ಹೇಳುವುದು ಇದಕ್ಕೇ.

ಒತ್ತಾಯ ಬೇಡ. ವಯಸ್ಸಾದವರ ಜಾಗವನ್ನು ಶೌಚಾಲಯಕ್ಕೆ ಹತ್ತಿರ ಮಾಡಿ. ಮಲಗಿದವರ ನಡುವೆ ನಡೆಯಲು ದಾರಿ ಬಿಡಿ, ರಾತ್ರಿ ಅಲ್ಲೊಂದು ಸಣ್ಣ ದೀಪ ಉರಿಯಲಿ. ನೆಲದಿಂದ ಏಳುವುದು ಕಷ್ಟ, ಹಾಗಾಗಿ ಬೆಂಚು ಜೋಡಿಸಿಯಾದರೂ ಎತ್ತರ ಮಾಡಿಕೊಡಿ. ಜಪಾನಿನಲ್ಲಿ ಈಗ ಇದಕ್ಕೆಂದೇ ರಟ್ಟಿನ ಮಂಚ ಬಳಸುತ್ತಾರೆ. ಬೆಳಿಗ್ಗೆ ಸಂಜೆ ಎಲ್ಲರನ್ನೂ ಎಬ್ಬಿಸಿ ಹತ್ತು ಹೆಜ್ಜೆ ನಡೆಸಿ. ನೀವು ಮೇಷ್ಟ್ರು, ನಿಮ್ಮ ಮಾತು ಕೇಳುತ್ತಾರೆ. ದಿನಾ ತಗೊಳ್ಳುವ ಮಾತ್ರೆ ತಂದಿದ್ದಾರಾ ಅಂತ ಒಬ್ಬೊಬ್ಬರನ್ನೇ ಕೂತು ಕೇಳಿ. ತಂದಿಲ್ಲ ಅನ್ನುವುದನ್ನು ಅವರಾಗಿ ಬಂದು ಹೇಳುವುದು ಕಡಿಮೆ.

ಪ್ರಶ್ನೆ: ನಾಯಿ, ಬೆಕ್ಕು ತಂದವರನ್ನು ಏನು ಮಾಡೋದು?

ಉತ್ತರ: ಬಾಗಿಲಲ್ಲಿ ತಡೆದರೆ ಅವರು ವಾಪಸ್ ಅದೇ ನೀರಿಗೆ ಹೋಗುತ್ತಾರೆ. ಕತ್ರಿನಾ ಸಮಯದಲ್ಲಿ ಪ್ರಾಣಿ ಬಿಟ್ಟು ಬರಲಾರೆ ಅಂತ ಮನೆಯಲ್ಲೇ ಉಳಿದವರು ತುಂಬಾ ಜನ. ಅದಾದ ಮೇಲೆ 2006ರಲ್ಲಿ ಅಮೆರಿಕದಲ್ಲಿ, ಜನರನ್ನು ಸ್ಥಳಾಂತರ ಮಾಡುವ ಯೋಜನೆಯಲ್ಲಿ ಸಾಕುಪ್ರಾಣಿಗಳನ್ನೂ ಸೇರಿಸಬೇಕು ಅಂತ ಕಾನೂನೇ ಬಂತು. ಜನ ಮಲಗುವ ಹಾಲ್ ಒಳಗೆ ಬೇಡ, ಕೆಲವರಿಗೆ ಅಲರ್ಜಿ, ಕೆಲವರಿಗೆ ಭಯ. ಅದೇ ಆವರಣದಲ್ಲಿ ಸೂರಿರುವ ಬೇರೆ ಜಾಗ ನೋಡಿ, ಕಟ್ಟಿಹಾಕಿ, ಯಜಮಾನರೇ ನೋಡಿಕೊಳ್ಳಲಿ.

ಪ್ರಶ್ನೆ: ಕೇಂದ್ರದಿಂದ ವಾಪಸ್ ಬಂದು ಕಚೇರಿಗೆ ಹೋಗುತ್ತಿದ್ದೇನೆ. ರಾತ್ರಿ ನಿದ್ದೆ ಇಲ್ಲ. ಒಬ್ಬ ತಾಯಿ ಮಗನ ಬಗ್ಗೆ ಕೇಳುತ್ತಲೇ ಇದ್ದರು, ನನ್ನಿಂದ ಏನೂ ಹೇಳಲು ಆಗಲಿಲ್ಲ. ಅವರಿಗೆ ಸಮಾಧಾನದ ಮಾತೂ ಸರಿಯಾಗಿ ಹೇಳಲಿಲ್ಲ ಅನ್ನಿಸುತ್ತಿದೆ. ಸಹೋದ್ಯೋಗಿಗಳಿಗೆ ಹೇಳಿದರೆ ಎಲ್ಲಾ ಸರಿಹೋಗುತ್ತೆ ಬಿಡು ಅಂತಾರೆ.

ಉತ್ತರ: ತಮ್ಮಾ, ನೀವು ಅವರ ಹತ್ತಿರ ಕೂತಿದ್ದಿರಿ ಅಲ್ವಾ? ಸುಳ್ಳು ಭರವಸೆ ಕೊಡಲಿಲ್ಲ ಅಲ್ವಾ? ಹಾಗಾದರೆ ಮಾಡಬೇಕಾದದ್ದನ್ನು ಮಾಡಿದ್ದೀರಿ.

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಬೇರೆ ಸಂಸ್ಥೆಗಳ ಜೊತೆ ಸೇರಿ, ಡಾಕ್ಟರಲ್ಲದ ಸಾಮಾನ್ಯ ಕಾರ್ಯಕರ್ತರಿಗಾಗಿ ಮನಸ್ಸಿನ ಪ್ರಥಮ ಚಿಕಿತ್ಸೆಯ ಕೈಪಿಡಿಯೊಂದನ್ನು ತಂದಿತು. ಅದರಲ್ಲಿ ಇರುವುದು ಮೂರೇ ಕೆಲಸ. ನೋಡಿ, ಕೇಳಿಸಿಕೊಳ್ಳಿ, ಬೇಕಾದ ಸಹಾಯದ ಜೊತೆ ಜೋಡಿಸಿ. ಆ ತಾಯಿಗೆ ಸಮಾಧಾನದ ಮಾತಿಗಿಂತ ಜಾಸ್ತಿ ಬೇಕಾಗಿದ್ದು, ಮಗನ ಹೆಸರನ್ನು ಯಾರೋ ಬರೆದುಕೊಂಡು ಹುಡುಕುವವರಿಗೆ ತಲುಪಿಸುವುದು. ಎಲ್ಲಾ ಸರಿಹೋಗುತ್ತೆ ಅನ್ನುವ ಮಾತು ನಿಮಗೆ ಈಗ ಹೇಗೆ ಚುಚ್ಚುತ್ತಿದೆಯೋ, ಅವರಿಗೂ ಹಾಗೇ ಚುಚ್ಚುತ್ತಿತ್ತು.

ಈಗ ನಿಮ್ಮ ವಿಷಯ. ನಡೆದದ್ದನ್ನು ಎಲ್ಲರೆದುರು ಹೇಳು, ಹಗುರಾಗುತ್ತೀಯ ಅಂತ ಯಾರಾದರೂ ಕೂರಿಸಿ ಹೇಳಿಸಲು ಬಂದರೆ ಬೇಡ ಅನ್ನಿ. ಹಾಗೆ ಒತ್ತಾಯದಿಂದ ಹೇಳಿಸುವುದು ಕೆಲಸಕ್ಕೆ ಬರುವುದಿಲ್ಲ ಅಂತ ಆ ಕೈಪಿಡಿಯೂ ಹೇಳುತ್ತದೆ. ನಿಮಗೆ ಹೇಳಬೇಕು ಅನ್ನಿಸಿದವರಿಗೆ, ಅನ್ನಿಸಿದಾಗ ಹೇಳಿ. ಅಲ್ಲಿ ನಿಮ್ಮ ಜೊತೆ ಪಾಳಿ ಮಾಡಿದವರಿಗೆ ಫೋನ್ ಮಾಡಿ, ಅವರಿಗೂ ಇದೇ ಆಗುತ್ತಿರಬಹುದು. ಹೊತ್ತಿಗೆ ಸರಿಯಾಗಿ ಊಟ ಮಾಡಿ, ನಡೆಯಿರಿ, ಕುಡಿತದ ಕಡೆ ಹೋಗಬೇಡಿ. ಕೆಲವು ವಾರಗಳಲ್ಲಿ ಇದು ಎಷ್ಟೋ ಜನಕ್ಕೆ ತಾನಾಗಿ ಇಳಿಯುತ್ತದೆ. ಒಂದು ತಿಂಗಳಾದರೂ ನಿದ್ದೆ ಬರದಿದ್ದರೆ, ಕೆಲಸ ಮಾಡಲು ಆಗದಿದ್ದರೆ, ಅಥವಾ ಬದುಕೇ ಬೇಡ ಅನ್ನಿಸಿದರೆ ಆ ದಿನವೇ, ಮನೋವೈದ್ಯರ ಹತ್ತಿರ ಹೋಗಿ. ಇಲಾಖೆಗಳಿಗೂ ಒಂದು ಮಾತು: ಕೇಂದ್ರದಿಂದ ಬಂದವರನ್ನು ಮರುದಿನವೇ ಮೇಜಿಗೆ ಕೂರಿಸಬೇಡಿ, ಒಂದೆರಡು ದಿನ ಬಿಡುವು ಕೊಡಿ.

ಪ್ರಶ್ನೆ: ಹೆಸರು ಕೊಟ್ಟಾಗಿದೆ. ಮಳೆಗಾಲಕ್ಕೆ ಇನ್ನೂ ಸಮಯ ಇದೆ. ಅಲ್ಲಿಯವರೆಗೆ ಏನು ಮಾಡಲಿ? ಹೋಗುವಾಗ ಏನು ತಗೊಂಡು ಹೋಗಬೇಕು?

ಉತ್ತರ: ಸಮಯ ಇರುವಾಗಲೇ ಕೇಳಿದಿರಲ್ಲ, ತುಂಬಾ ಸಂತೋಷ. ವಿಪತ್ತಿನ ದಿನ ಏನೂ ತಿಳಿಯದೆ ಬರುವ ಹತ್ತು ಜನಕ್ಕಿಂತ ಮೊದಲೇ ಕಲಿತ ಇಬ್ಬರು ಜಾಸ್ತಿ ಕೆಲಸಕ್ಕೆ ಬರುತ್ತಾರೆ. ಬಂದವರಿಗೆ ಕೆಲಸ ಹೇಳಿಕೊಡುವುದೇ ಒಂದು ಕೆಲಸ ಆಗಿಬಿಡುತ್ತದೆ.

ಪ್ರಥಮ ಚಿಕಿತ್ಸೆಯ ತರಬೇತಿ ಸಿಕ್ಕರೆ ಮುಗಿಸಿಕೊಳ್ಳಿ. ನಿಮ್ಮನ್ನು ಹಾಕಬಹುದಾದ ಕಟ್ಟಡಕ್ಕೆ ಈಗಲೇ ಒಮ್ಮೆ ಹೋಗಿ ಬನ್ನಿ. ಬೀಗದ ಕೈ ಯಾರ ಹತ್ತಿರ ಇದೆ, ನೀರಿನ ಟ್ಯಾಂಕ್ ಎಷ್ಟು ದೊಡ್ಡದು, ಜನರೇಟರ್ ಇದೆಯಾ, ಗಾಲಿ ಕುರ್ಚಿ ಹತ್ತಲು ಇಳಿಜಾರು ಇದೆಯಾ, ಆ ಕಟ್ಟಡಕ್ಕೇ ನೀರು ಬರುತ್ತದಾ. ಕೊನೆಯದನ್ನು ಅಕ್ಕಪಕ್ಕದ ಹಳಬರನ್ನು ಕೇಳಿ, ನಕ್ಷೆಯಲ್ಲಿ ಇಲ್ಲದ್ದು ಅವರಿಗೆ ಗೊತ್ತಿರುತ್ತದೆ.

ಚೀಲದಲ್ಲಿ ಟಾರ್ಚ್, ಪವರ್ ಬ್ಯಾಂಕ್, ನಿಮ್ಮ ಮಾತ್ರೆಗಳು, ಎರಡು ಜೊತೆ ಬಟ್ಟೆ, ಹೊದಿಕೆ, ಸೋಪು, ನೀರಿನ ಬಾಟಲಿ, ಗುರುತಿನ ಚೀಟಿ ಇರಲಿ. ಉದ್ದ ನೋಟ್‌ಬುಕ್ ಮತ್ತು ನಾಲ್ಕು ಪೆನ್ನು ಖಂಡಿತ ಇರಲಿ, ಕರೆಂಟ್ ಹೋದರೆ ಕಂಪ್ಯೂಟರ್ ನಂಬಲಾಗದು. ಪಾಳಿ ಮುಗಿದಾಗ ಎದ್ದು ಹೊರಡಬೇಡಿ, ಬಂದವರ ಜೊತೆ ಅರ್ಧ ಗಂಟೆ ಕೂತು ಯಾರಿಗೆ ಜ್ವರ ಇದೆ, ಯಾರು ಯಾರನ್ನು ಹುಡುಕುತ್ತಿದ್ದಾರೆ, ನೀರು ಎಷ್ಟು ಉಳಿದಿದೆ ಅಂತ ಹೇಳಿ, ಬರೆದೂ ಕೊಡಿ. ಆಮೇಲೆ ಹೋಗಿ ಮಲಗಿ. ಪಾಳಿ ಎಂಟು ಗಂಟೆ ಅಂದರೆ ಎಂಟೇ ಗಂಟೆ ಮಾಡಿ, ನಾಳೆಯೂ ಅಲ್ಲಿ ಅಷ್ಟೇ ಜನ ಇರುತ್ತಾರೆ.